ಏನೂ ಆಗದ ಪುಸ್ತಕ ಮತ್ತು ಮೇಷ್ಟ್ರ ಬೆನ್ನು

ತನ್ನ ಬೆನ್ನು ತನಗೆ ಕಾಣದು ಎಂಬ ಮಾತಿನ ಅರ್ಥ ಭೂಗೋಳದ ಮೇಷ್ಟ್ರಿಗೆ ಪೂರ್ತಿ ತಿಳಿದದ್ದು ಶಾಲೆಯ ಬಹುಮಾನ ಹಂಚುವ ಸಭೆಯಲ್ಲಿ. ಅಂದು ಅವರ ಭಾಷಣದ ವಿಷಯ ಏಕಾಗ್ರತೆ. ಮಾತಿಗೆ ಕಾವು ಬಂದ ಹಾಗೆ ಮೈಗೂ ಬಂದು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. "ಮಾಡೋ ಕೆಲಸದ ಮೇಲೆ ಕಣ್ಣಿಡಿ ಮಕ್ಕಳೇ" ಎನ್ನುತ್ತ ಗೋಡೆಯ ಭೂಪಟದ ಕಡೆ ತಿರುಗಿದರು. ಸಭೆ ಗೊಳ್ಳೆಂದಿತು.

ಮೇಷ್ಟ್ರು ಮೊದಲು ಭೂಪಟ ನೋಡಿದರು, ಆಮೇಲೆ ಪ್ಯಾಂಟು ಮುಟ್ಟಿ ನೋಡಿಕೊಂಡರು. ಎರಡೂ ನೆಟ್ಟಗಿದ್ದವು. ಹಾಗಾದರೆ ತಮ್ಮ ಮಾತಿನ ಚಮತ್ಕಾರಕ್ಕೇ ಇರಬೇಕೆಂದು ತಾವೂ ನಕ್ಕರು. ಕೊನೆಗೆ ಹೆಡ್ಮಿಸ್ಸು ಎದ್ದು ಬಂದು, ಹೆಗಲಿಗೆ ಕೋಟು ಹೊದಿಸಿ, ಕಿವಿಯಲ್ಲಿ ಹೇಳಿದರು: "ಬೆನ್ನ ಮೇಲೊಂದು ದೋಣಿ ಇದೆ ಮೇಷ್ಟ್ರೇ. ಕಂದು ಬಣ್ಣದ್ದು."

ದೋಣಿ ಹೊರಟ ಬಂದರು ಹುಡುಕಲು ಭೂಗೋಳ ಬೇಕಿರಲಿಲ್ಲ. ಶಾಲೆಯ ಬೀದಿಯ ತಿರುವಿನಲ್ಲೇ ಲಾಂಡ್ರಿ. ಅಲ್ಲಿ ಇಸ್ತ್ರಿ ಮಾಡುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಅಕ್ಕನ ಗಂಡನಾದ ತಪ್ಪಿಗೆ ಕೌಂಟರಿನಲ್ಲಿ ಕೂರುವಾತ ಬೀದಿಗೆಲ್ಲ ಭಾವ. ಹಲ್ಲುದುರಿದ ಮುದುಕರೂ ಭಾವ ಎನ್ನುವುದರಿಂದ, ಇವರಿಗೆಲ್ಲ ತನ್ನಿಂದ ಏನೋ ಆಗಬೇಕಿದೆ ಎಂಬ ಅನುಮಾನ ಆತನ ಮುಖದಲ್ಲಿ ಸದಾ ಇರುತ್ತದೆ.

ಅಕ್ಕ ತಾಯಿಯ ಸೊಂಟದೆತ್ತರ ಇದ್ದಾಗಲೇ ಕರವಸ್ತ್ರಗಳ ಮೇಲೆ ಕೈ ಪಳಗಿಸಿಕೊಂಡವಳು. ಈಗ ಆ ಕೈಗೆ ಕಣ್ಣಿನ ಹಂಗಿಲ್ಲ. ಕೆಲಸವಿಲ್ಲದ ಕಣ್ಣು ಏನು ಮಾಡೀತು? ಓದತೊಡಗಿತು. ಮೇಜಿನೆದುರಿನ ತಂತಿಗೆ ಪುಸ್ತಕವನ್ನು ಬಟ್ಟೆ ಕ್ಲಿಪ್ಪುಗಳಿಂದ ಸಿಕ್ಕಿಸಿರುತ್ತಾಳೆ. ಕಾಲರು, ತೋಳು, ಗುಂಡಿಪಟ್ಟಿ ಬಂದಾಗ ನೋಟ ಬಟ್ಟೆಯ ಮೇಲೆ. ಅಂಗಿಯ ಬೆನ್ನು ಬಂತೋ, ಬಯಲು ಸಿಕ್ಕ ಹಾಗೆ. ಕೈ ತನ್ನ ಪಾಡಿಗೆ ಹೋಗುತ್ತದೆ, ಕಣ್ಣು ತಂತಿಗೆ ಏರುತ್ತದೆ. ಬೆಡ್‌ಶೀಟುಗಳ ದಿನ ಒಂದು ಅಧ್ಯಾಯವೇ ಮುಗಿಯುವುದುಂಟು. ಮಕ್ಕಳ ಅಂಗಿಗಳ ರಾಶಿ ಕಂಡರೆ ಮಾತ್ರ ಗೊಣಗುತ್ತಾಳೆ: "ಇಷ್ಟಿಷ್ಟೇ ಬೆನ್ನು. ಒಂದು ವಾಕ್ಯ ಮುಗಿಯೋದ್ರೊಳಗೆ ಅಂಗೀನೇ ಮುಗಿದುಹೋಗುತ್ತೆ."

ಹಿಂದೊಮ್ಮೆ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬಿದ್ದ ಗಳಿಗೆಯಲ್ಲಿ ದಿಂಬಿನ ಕವರೊಂದು ಸೀದುಹೋಗಿತ್ತು. ಅಂದೇ ಭಾವ ಕಾಯಿದೆ ಮಾಡಿದ: ಅಂಗಡಿಯಲ್ಲಿ ಏನೂ ಆಗದ ಪುಸ್ತಕ ಮಾತ್ರ. ಅಕ್ಕ ಗ್ರಂಥಾಲಯಕ್ಕೆ ಹೋಗಿ, "ಏನೂ ಆಗದ್ದು ಯಾವುದಾದ್ರೂ ಇದ್ರೆ ಕೊಡಮ್ಮ" ಎಂದು ಕೇಳಿ ತಂದದ್ದು ಒಬ್ಬ ದೈತ್ಯನ ಕಥೆ.

ಮೇಷ್ಟ್ರು ಬಂದು ಕೌಂಟರಿನ ಮೇಲೆ ಅಂಗಿ ಹರಡಿದರು. ಭಾವ ಬಗ್ಗಿ ನೋಡಿದ.

"ನಮ್ಮ ಇಸ್ತ್ರಿಪೆಟ್ಟಿಗೇದೇ. ಮೂತಿ ಗುರುತು ಸಿಕ್ತು. ಏನೇ, ಕದ್ದು ಕೊಲೆ ಓದಿದ್ಯಾ?"

"ಇಲ್ಲರೀ. ದೈತ್ಯ ಟೀ ಕಾಸಿದ."

"ಆಮೇಲೆ?"

"ಯಾರೋ ಬಾಗಿಲು ಬಡಿದರು."

"ಬಡಿದು?"

"ಅಷ್ಟೇ. ನನ್ನ ಎರಡೂ ಕೈ ಬಾಯಿ ಮೇಲೆ ಹೋಯ್ತು. ಪೆಟ್ಟಿಗೆ ಅಲ್ಲೇ ಉಳೀತು. ಕಲೆ ತೆಗೆಯೋಣ ಅಂತ ಅಂಗಿ ಪಕ್ಕಕ್ಕಿಟ್ಟಿದ್ದೆ. ಮಡಿಸಿ ಕಟ್ಟಿ ಕಳಿಸಿದ್ದು ಯಾರು ಅಂತ ಅವರನ್ನೇ ಕೇಳಿ ಮೇಷ್ಟ್ರೇ."

ಭಾವ ಕೆಮ್ಮಿದ. ಮೇಷ್ಟ್ರಿಗೆ ತಡೆಯಲಿಲ್ಲ. "ಯಾರೋ ಟೀ ಕಾಸಿದ್ದಕ್ಕೆ ನನ್ನ ಬೆನ್ನು ಸುಟ್ಟಿರಾ ಅಕ್ಕ?"

"ಕೊಲೆ ಕಥೇಲಿ ಸಾಯೋನು ಸಾಯೋಕೇ ಬಂದಿರ್ತಾನೆ, ನನಗೇನೂ ಅನ್ನಿಸಲ್ಲ. ಇವನು ಹಾಗಲ್ಲ. ಯುದ್ಧ ಸಾಕಾಗಿ, ಗದೆ ಬಿಸಾಕಿ ಬಂದು, ಕೊಡೆ ರಿಪೇರಿ ಅಂಗಡಿ ಇಟ್ಟಿದ್ದಾನೆ. ತಲೆ ಸೂರಿಗೆ ತಾಗುತ್ತೆ. ಬೀದಿಯವರನ್ನೆಲ್ಲ ಟೀಗೆ ಕರೆದ, ಒಬ್ರೂ ಬರಲಿಲ್ಲ. ಅಷ್ಟು ದೊಡ್ಡ ಆಳು, ಅಷ್ಟು ಸಣ್ಣ ಸ್ಟೂಲ್ ಮೇಲೆ ಕೂತು, ಟೀ ಆರಿದಾಗೆಲ್ಲ ಮತ್ತೆ ಬಿಸಿ ಮಾಡ್ತಾನೆ. ಆಗ ಬಾಗಿಲು ಬಡಿದ್ರೆ, ನೀವಾಗಿದ್ರೆ ಪೆಟ್ಟಿಗೆ ಹಿಡ್ಕೊಂಡೇ ನಿಂತಿರ್ತಿದ್ರಾ?"

ಮೇಷ್ಟ್ರು ಜನ್ಮದಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದವರಲ್ಲ. ಆದರೂ ಕೈ ಸಡಿಲವಾಯಿತು. "ಬಂದೋರು ಯಾರು?"

"ಸೀದ ವಾಸನೆ ಬಂತಲ್ಲ, ಮುಂದೆ ಓದೋ ಧೈರ್ಯ ಆಗಲಿಲ್ಲ."

ಭಾವ ತಂತಿಯಿಂದ ಪುಸ್ತಕ ಬಿಡಿಸಿದ. "ಇವತ್ತಿಂದ ಪುಸ್ತಕ ಬಂದ್. ಒಂದು ರೇಡಿಯೋ ತಂದು ನೇತುಹಾಕ್ತೀನಿ."

ನೀರು ಚಿಮುಕಿಸಿ ಮರೆತ ಬಟ್ಟೆಯಂತೆ ಅಕ್ಕ ಮುದುಡಿದಳು. ಗೋಡೆಯುದ್ದಕ್ಕೂ ಪೇರಿಸಿದ್ದ ಗಂಟುಗಳ ಕಡೆ ನೋಡಿ ಮೆಲ್ಲಗೆ ಅಂದಳು: "ಕೈ ಇಲ್ಲೇ ಇರುತ್ತೆ ಬಿಡಿ, ದುಡಿಯುತ್ತೆ. ನಾನು ಎಲ್ಲಿಗೆ ಹೋಗ್ಲಿ?"

ಭಾವ ಪುಸ್ತಕವನ್ನು ಮೇಷ್ಟ್ರ ಕೈಗೆ ತುರುಕಿದ. ಉತ್ತರವಿಲ್ಲದಾಗ ಕಮಿಟಿ ಮಾಡುವುದು ಲೋಕರೂಢಿ. "ಸುಟ್ಟದ್ದು ಮೇಷ್ಟ್ರ ಬೆನ್ನು, ತೀರ್ಪೂ ಅವರದ್ದೇ. ಓದಿ ನೋಡ್ಲಿ. ನಿಜವಾಗ್ಲೂ ಏನೂ ಆಗದಿದ್ರೆ ಇಟ್ಕೋ. ಏನಾದ್ರೂ ಆದ್ರೆ ರೇಡಿಯೋ."

ಮೇಷ್ಟ್ರು ಅಪರಾಧಿಯನ್ನು ಠಾಣೆಗೆ ಒಯ್ಯುವವರಂತೆ ಪುಸ್ತಕವನ್ನು ಕಂಕುಳಲ್ಲಿಟ್ಟು ಬಸ್ಸು ಹತ್ತಿದರು. ಮೊದಲ ಪುಟಕ್ಕೆ ಮೂಗು ಮುರಿದರು. ದೈತ್ಯನ ಪಕ್ಕದ ಮನೆಯ ಡ್ರ್ಯಾಗನ್‌ಗೆ ನೆಗಡಿಯಾಗಿ ಒಲೆ ಹೊತ್ತಿಸಲಾಗದೆ ಪರದಾಡಿದಾಗ ಕಿಸಕ್ಕನೆ ನಕ್ಕು, ಪಕ್ಕದ ಸೀಟಿನವರ ಕ್ಷಮೆ ಕೇಳಿದರು. ದೈತ್ಯ ಟೀ ಬಿಸಿ ಮಾಡುವ ಹೊತ್ತಿಗೆ ಅವರ ಸ್ಟಾಪು ಹಿಂದೆ ಹೋಗಿ ಎಷ್ಟೋ ಕಾಲವಾಗಿತ್ತು. ಬಸ್ಸು ಡಿಪೋ ಸೇರಿತ್ತು.

"ಇಳೀರಿ ಸಾರ್, ಬಸ್ ತೊಳೀಬೇಕು," ಅಂದ ಕಂಡಕ್ಟರ್.

"ಒಂದೇ ಒಂದು ಪುಟ. ಬಾಗಿಲು ಬಡೀತಿದ್ದಾರೆ!"

ಬಡಿದದ್ದು ಆಮೆ. ಬೀದಿಯ ಆ ತುದಿಯದು. ಕರೆ ಕೇಳಿದ ಕ್ಷಣವೇ, ಎಲ್ಲರಿಗಿಂತ ಮೊದಲೇ ಹೊರಟಿತ್ತು, ಪಾಪ. ಮೇಷ್ಟ್ರು ಡಿಪೋದ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ನಗುತ್ತ ನಡೆದೇ ಮನೆ ಸೇರಿದರು.

ಮರುದಿನ ಭಾವ ಕೇಳಿದ: "ಏನಾದ್ರೂ ಆಗುತ್ತಾ?"

ಅಕ್ಕ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮೇಷ್ಟ್ರ ಮುಖ ನೋಡಿದಳು.

"ಎಳ್ಳಷ್ಟೂ ಏನೂ ಆಗಲ್ಲ," ಅಂದರು ಮೇಷ್ಟ್ರು.

"ಮತ್ತೆ ಕಣ್ಣು ಯಾಕೆ ಕೆಂಪಗಿದೆ?"

"ಡಿಪೋ ಧೂಳು. ಪುಸ್ತಕ ಇರಲಿ. ಆದ್ರೆ ಅಕ್ಕನ ಕಣ್ಣು ಬಟ್ಟೆ ಮೇಲಿರಬೇಕು, ಕಥೆ ಕಿವಿಗೆ ಹೋಗಬೇಕು. ಓದಿ ಹೇಳೋರು ನೀವು ಭಾವ."

"ನಾನಾ? ಲಾಂಡ್ರಿ ಚೀಟಿ ಬಿಟ್ಟು ಬೇರೆ ಓದಿದೋನೇ ಅಲ್ಲ!"

ಅಕ್ಕ ಆಗಲೇ ಆತನ ಕನ್ನಡಕ ಒರೆಸುತ್ತಿದ್ದಳು.

ಮುಂದಿನ ವಾರ ಮೇಷ್ಟ್ರು ಬಂದಾಗ ಲಾಂಡ್ರಿಯಲ್ಲಿ ಬಿಸಿ ಬಟ್ಟೆಯ ವಾಸನೆಯೇ ಇಲ್ಲ. ಗಂಟುಗಳು ಸೂರು ಮುಟ್ಟಿದ್ದವು. ಕೌಂಟರಿನ ಹಿಂದೆ ಭಾವ ಚೀಟಿ ಕೂಗುವ ಧಾಟಿಯಲ್ಲೇ "ದೈತ್ಯ! ಟೀ! ಕಾಸಿದ!" ಎಂದು ಓದುತ್ತಿದ್ದ, ಪುಸ್ತಕ ಮುಗಿದು ಎರಡನೇ ಸಲ ಮೊದಲಿಂದ ಶುರುವಾಗಿತ್ತಂತೆ. ಮೂಲೆಯಲ್ಲಿ ಪೆಟ್ಟಿಗೆ ತಣ್ಣಗೆ ನಿಂತಿತ್ತು. ಅಕ್ಕ ಮೇಜಿನ ಮೇಲೆ ಮೊಣಕೈಯೂರಿ, ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು.

"ಅಕ್ಕ, ನಾಳೆ ಶಾಲೆಗೆ ಇನ್‌ಸ್ಪೆಕ್ಟರು ಬರ್ತಾರೆ. ಇಸ್ತ್ರಿಗೆ ಕೊಟ್ಟ ನನ್ನ ಅಂಗಿ ಯಾವಾಗ ಸಿಗುತ್ತೆ?"

ಅಕ್ಕ ತಿರುಗಿ ಕೂಡ ನೋಡಲಿಲ್ಲ.

"ಆಮೆ ಹೊರಟಾಗಿದೆ ಮೇಷ್ಟ್ರೇ."