ನೇಮಣ್ಣನ ಐದನೇ ಟೈರು

ಹೊಸ ಗಾಡಿ ತಂದ ದಿನವೇ ನನ್ನ ಮೈದುನ ನೇಮಣ್ಣ ಅದರ ಐದನೇ ಟೈರನ್ನು ಇಳಿಸಿ, ಉರುಳಿಸಿಕೊಂಡು ಬಂದು ಪಡಸಾಲೆಯಲ್ಲಿಟ್ಟ. ನಾಲ್ಕು ಟೈರು ಅಂಗಳದಲ್ಲಿ, ಒಂದು ಮನೆಯೊಳಗೆ. ಗಾಡಿ ಓಡಿಸಬೇಕಾದವನು ಅವನ ಮಗ ಭರತ. ಅವನು ಹಿಂದೆಯೇ ಬಂದ.

"ಅಪ್ಪಾ, ಅದು ಸ್ಟೆಪ್ನಿ. ದಾರ್ಯಾಗ ಪಂಕ್ಚರ್ ಆದ್ರ ಬೇಕಾಗತೈತಿ."

"ಟೈರು ವರ್ಷಕ್ಕೊಮ್ಮೆ ಕೂತೀತು," ಎಂದ ನೇಮಣ್ಣ. "ಹೊತ್ತು ದಿನಾ ಮುಳಗತೈತಿ."

ಹೀಗಂದು ಡಿಕ್ಕಿಯ ತಳದಲ್ಲಿ ಸ್ಟೆಪ್ನಿಗೆಂದು ಮಾಡಿದ್ದ ಗುಂಡನೆಯ ತಗ್ಗಿನಲ್ಲಿ ಒಂದು ಪುಟ್ಟ ಗ್ಯಾಸ್ ಒಲೆ, ಎರಡು ಬೋಗುಣಿ, ಸೋಸಿದ ನೀರಿನ ಕ್ಯಾನು, ರೊಟ್ಟಿಯ ಡಬ್ಬಿ, ಚಟ್ನಿಪುಡಿಯ ಭರಣಿ ಎಲ್ಲವನ್ನೂ ಹೊಂದಿಸಿಟ್ಟ. ಒಂದಕ್ಕೊಂದು ತಾಗಿ ಸದ್ದು ಮಾಡಬಾರದೆಂದು ನಡುನಡುವೆ ನನ್ನ ಹಳೆಯ ಸೀರೆ ತುರುಕಿದ. ಸೀರೆ ಕೊಡುತ್ತೀರಾ ಎಂದು ಮಾತ್ರ ಕೇಳಲಿಲ್ಲ.

ನಾವು ಸಾಂಗಲಿ ಹತ್ತಿರದ ಕಸಬೆ ಡಿಗ್ರಜದ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆನ್ನುವುದು ನಮ್ಮ ಪದ್ಧತಿ. ಬಹಳ ಜನರಿಗೆ ಅದು ಮನೆಯಲ್ಲಿರುವಾಗಿನ ಪದ್ಧತಿ. ಸಾಂಗಲಿ ಪೇಟೆಯಲ್ಲಿ ದೀಪದ ಬೆಳಕಿಗೆ ಭೇಲ್‌ಪುರಿ ತಿಂದು ಬಾಯಿ ಒರೆಸಿಕೊಂಡು ಬರುವವರು ಯಾರು ಯಾರೆಂದು ನನಗೆ ಗೊತ್ತು, ಅವರ ಜೊತೆ ನಾನೂ ತಿಂದಿದ್ದೇನೆ. ನೇಮಣ್ಣ ಹಾಗಲ್ಲ. ಹೊತ್ತು ಮುಳುಗಿತೆಂದರೆ ನೀರೂ ಇಲ್ಲ. ಅದೂ ಹೊತ್ತನ್ನು ಅವನೇ ಕಣ್ಣಿನಿಂದ ನೋಡಬೇಕು. ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆ ಬರೆದಿರುತ್ತದಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಅದು ಮುಂಬೈದವರ ಹೊತ್ತು ವೈನಿ, ಸಮುದ್ರದಾಗ ಮುಳಗೂದು. ನಮ್ಮದು ಕಬ್ಬಿನ್ಯಾಗ ಮುಳಗತೈತಿ. ಎರಡೂ ಹೆಂಗ ಒಂದ ಆಗತಾವ?"

ಅರಿಸಿನ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ. ಅರಿಸಿನದ ಕೊಂಬು ಮುರಿದು ನೋಡಿದ ಹಾಗೆ ಎಲ್ಲವನ್ನೂ ಮುರಿದು ನೋಡಿಯೇ ನಂಬುತ್ತಿದ್ದ. ಗಾಡಿ ಹತ್ತುವ ಮುಂಚೆ ಪ್ರತಿಸಲ ಮೊಣಕಾಲೂರಿ ನಾಲ್ಕೂ ಟೈರಿನ ಬುಡಕ್ಕೆ ಬಗ್ಗಿ, ಇರುವೆಯ ಸಾಲು ಹೊರಟಿದೆಯೇ, ನಾಯಿಮರಿ ಮಲಗಿದೆಯೇ ಎಂದು ನೋಡುತ್ತಿದ್ದ. ಇರುವೆ ಇದ್ದರೆ ಅವು ದಾಟುವ ತನಕ ನಾವೆಲ್ಲ ಗಾಡಿಯಲ್ಲಿ ಬೇಯುತ್ತ ಕೂರಬೇಕು. ಇಷ್ಟು ಹತ್ತಿರದಿಂದ ಟೈರು ನೋಡಿದವನು ಇಡೀ ಡಿಗ್ರಜದಲ್ಲಿ ಇರಲಿಕ್ಕಿಲ್ಲ. ಆದರೆ ಟೈರಿನ ಕೆಳಗೆ ಇರುವೆ ಇದೆಯೇ ಎಂದು ನೋಡಿದನೇ ಹೊರತು, ಟೈರಿನೊಳಗೆ ಗಾಳಿ ಇದೆಯೇ ಎಂದು ಒಮ್ಮೆಯೂ ನೋಡಲಿಲ್ಲ.

ಪಡಸಾಲೆಯ ಟೈರಿನ ಮೇಲೆ ಕೌದಿ ಮಡಿಚಿ ಹಾಕಿ, ನಾನು ಅದರ ಮೇಲೆ ಕುಳಿತು ಮೆಂತೆಪಲ್ಲೆ ಸೋಸುತ್ತಿದ್ದೆ. ಮೊಣಕಾಲು ನೋಯುವವರಿಗೆ ಒಳ್ಳೆಯ ಎತ್ತರ. ದಸರೆಯಲ್ಲಿ ಗಾಡಿಗೆ ಪೂಜೆ ಮಾಡಿದ ನೇಮಣ್ಣ ಒಳಗೆ ಬಂದು, "ಒಂದೀಟು ಏಳ್ರಿ ವೈನಿ," ಎಂದು ನನ್ನನ್ನು ಎಬ್ಬಿಸಿ, ಇದಕ್ಕೂ ಕುಂಕುಮ ಹಚ್ಚಿ ಹೋದ. ಆಮೇಲೆ ವಾರಗಟ್ಟಲೆ ನನ್ನ ಸೀರೆಗೆ ಹಿಂದೆ ಕುಂಕುಮ.

ಡಿಕ್ಕಿಯ ಒಲೆಯ ಏರ್ಪಾಡು ಪರೀಕ್ಷೆಗೆ ಬಂದದ್ದು ಮಾಧವನಗರದಲ್ಲಿ. ಒಂದು ಸಂಜೆ ಅಲ್ಲಿಂದ ಬರುವಾಗ ಊರ ಹೊರಗೆ ಹಿಂದಿನ ಟೈರು ಕೂತುಬಿಟ್ಟಿತು. ಭರತ ಉರಿದುಕೊಂಡು, ಬಾಡಿಗೆ ರಿಕ್ಷಾ ಹಿಡಿದು ಪಂಕ್ಚರಿನವನನ್ನು ಕರೆತರಲು ಹೋದ. ನೇಮಣ್ಣ ಬೇವಿನ ಗಿಡದ ಕೆಳಗೆ ಒಲೆ ಹಚ್ಚಿ, ಹೆಸರುಬೇಳೆ ಕುದಿಸಿ, ನನಗೂ ಬಡಿಸಿ, ಬಿಸಿಲಿರುವಾಗಲೇ ಕೈತೊಳೆದ. ಭರತ ಬಂದಾಗ ಕತ್ತಲಾಗಿತ್ತು. ಅಪ್ಪನ ಮುಖದಲ್ಲಿ ಜಗತ್ತನ್ನು ಗೆದ್ದ ಕಳೆ.

"ನೋಡಿದ್ಯಾ? ಅಡಗಿ ಇತ್ತು, ಬಚಾವಾದ್ವಿ."

"ಸ್ಟೆಪ್ನಿ ಇದ್ದಿದ್ರ ಈಗ ಮನ್ಯಾಗ ಉಂಡು ಕುಂತಿರತಿದ್ವಿ ಅಪ್ಪಾ."

"ಮನ್ಯಾಗ ಯಾರರೆ ಉಣ್ತಾರ. ಅದರಾಗೇನೈತಿ?"

ಮರುದಿನ ಭರತ ಒಲೆ, ಬೋಗುಣಿ, ಡಬ್ಬಿಗಳನ್ನೆಲ್ಲ ಅಡುಗೆಮನೆಗೆ ಒಯ್ದು, ನನ್ನ ಆಸನವನ್ನು ಎತ್ತಿ ಡಿಕ್ಕಿಗೆ ಹಾಕಿದ. ನೇಮಣ್ಣನಿಗೆ ಆ ಹೊತ್ತಿಗೆ ಸಕ್ಕರೆ ಕಾಯಿಲೆ ಬಲಿತು ಇಂಜೆಕ್ಷನ್ ಶುರುವಾಗಿತ್ತು, ಮಗನೊಂದಿಗೆ ಜಗಳಾಡುವ ಹುಮ್ಮಸ್ಸು ಇರಲಿಲ್ಲ. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತಿಗೆ ಉಣ್ಣಲೇಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಮಿರಜಿನ ಡಾಕ್ಟರು ಹೇಳಿದ್ದರು. ಅವನು ತಲೆಯಾಡಿಸಿ ಬಂದಿದ್ದ. ಹೊತ್ತು, ಇಂಜೆಕ್ಷನ್, ಊಟ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬಲ್ಲೆ ಎಂಬ ಧೈರ್ಯ.

ಸಲಗರೆಯಲ್ಲಿ ಅವನ ವ್ಯಾಪಾರಿ ಗೆಳೆಯನ ಮೊಮ್ಮಗನಿಗೆ ಹೆಸರಿಡುವುದಿತ್ತು. ಭರತ, ನೇಮಣ್ಣ, ನಾನು ಹೋಗಿದ್ದೆವು. ಅಲ್ಲಿ ಪಲ್ಯಕ್ಕೆ ಆಲೂಗಡ್ಡೆ, ಸಾರಿಗೆ ಉಳ್ಳಾಗಡ್ಡೆ. ಅರಿಸಿನದ ಒಣ ಕೊಂಬೊಂದನ್ನು ಬಿಟ್ಟು ನೆಲದೊಳಗೆ ಬೆಳೆಯುವುದನ್ನು ನೇಮಣ್ಣ ಮುಟ್ಟುವುದಿಲ್ಲ. ಮಿರಜಿನಲ್ಲಿ ಮಗಳ ಮನೆ ಇದೆ, ಹೊತ್ತು ಮುಳುಗುವುದರೊಳಗೆ ಅಲ್ಲಿ ಉಂಡರಾಯಿತು ಎಂದು ಹೊರಟ. ಗೆಳೆಯನ ಹೆಂಡತಿ ನನ್ನ ಕೈಗೆ ಒಂದು ಡಬ್ಬಿ ಹೋಳಿಗೆ ಕೊಟ್ಟಳು.

ದಾರಿಯಲ್ಲಿ ನೇಮಣ್ಣ ಅಂಗಿ ಎತ್ತಿ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡ. "ಮಿರಜ ಮುಟ್ಟೂದಕ್ಕ ಸರಿ ಆಗತೈತಿ," ಎಂದ. ಮಾತು ಮುಗಿದು ಸ್ವಲ್ಪ ಹೊತ್ತಿಗೆ ಗಾಡಿ ಒಂದು ಮಗ್ಗುಲಿಗೆ ಎಳೆಯತೊಡಗಿತು. ಮುಂದಿನ ಟೈರು ಕೂತಿತ್ತು.

ಕಾಲುವೆ ನೀರು ಬಂದ ಮೇಲೆ ಆ ಕಡೆಯೆಲ್ಲ ಕಬ್ಬು. ರಸ್ತೆಯ ಎರಡೂ ಕಡೆ ಆಳೆತ್ತರ ಮೀರಿ ನಿಂತಿತ್ತು. ಭರತ ಹುರುಪಿನಿಂದಲೇ ಇಳಿದು ಸ್ಟೆಪ್ನಿಯನ್ನು ತೆಗೆದು ನೆಲಕ್ಕೆ ಹಾಕಿದ. ಅವನಿಗೂ ಇದು ಗೆಲ್ಲುವ ದಿನವಾಗಿತ್ತು. ನಾನು ನೇಮಣ್ಣನ ಮುಖ ನೋಡಿದೆ. ಹಣೆಯ ಮೇಲೆ ಬೆವರು, ಕೈ ನಡುಗುತ್ತಿತ್ತು. ಡಬ್ಬಿ ತೆರೆದು ಹೋಳಿಗೆ ಹಿಡಿದೆ.

"ತಿನ್ನು."

"ಹೊತ್ತು ಐತೇನ್ರಿ?"

"ಐತಿ. ಬೆಳಕಿಲ್ಲೇನು ಕಣ್ಣಿಗೆ?"

"ಬೆಳಕ ಅಂದ್ರ ಹೊತ್ತಲ್ಲ ವೈನಿ. ಕಬ್ಬಿನ ಹಿಂದ ಏನಾಗೇತೋ. ನೀವು ಹೇಳಿದ್ರ ಆಗಂಗಿಲ್ಲ, ನನಗ ಕಾಣಬೇಕು."

"ಸತ್ತರ ಏನು ಕಾಣತೈತಿ ನಿನಗ?"

ಅವನು ಗಾಡಿಯಿಂದ ಇಳಿದ. ನೆಲದ ಮೇಲಿನ ಸ್ಟೆಪ್ನಿಯ ಮೇಲೆ ಕಾಲಿಟ್ಟ, ಅಲ್ಲಿಂದ ಬಾನೆಟ್ಟಿನ ಮೇಲೆ ಮಂಡಿಯೂರಿದ. ಬೀಳುತ್ತಾನೆಂದು ಭರತ ಓಡಿಬಂದು ಹಿಂದಿನಿಂದ ಎತ್ತಿದ, ನಾನು ಧೋತರ ಹಿಡಿದುಕೊಂಡೆ. ಹೇಗೋ ಗಾಡಿಯ ತಲೆಯ ಮೇಲೆ ಹತ್ತಿ ಕುಳಿತು, ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡಿ, "ಐತಿ," ಎಂದ. "ಕೊಡ್ರಿ."

ಹೋಳಿಗೆ ಮೇಲಕ್ಕೆ ಚಾಚಿದೆ. ತೆಗೆದುಕೊಂಡು, "ಇದಕ್ಕ ನೀರು ಸೋಸಿ ಹಾಕ್ಯಾರೇನ್ರಿ?" ಎಂದ.

"ಇನ್ನೊಂದು ಮಾತಾಡಿದ್ರ ನಿನ್ನನ್ನ ಸೋಸತೇನಿ. ತಿನ್ನು."

ತಿಂದ. ಭರತ ಕೆಳಗೆ ಜಾಕು ಹಿಡಿದು ನಿಂತಿದ್ದ. ಮೇಲೆ ಮನುಷ್ಯ ಕುಳಿತಿರುವಾಗ ಗಾಡಿ ಎತ್ತುವ ಹಾಗಿಲ್ಲ.

"ಅಪ್ಪಾ, ಇಳೀರಿ, ಟೈರ್ ಬದಲಿ ಮಾಡಬೇಕು."

"ಉಣ್ಣೂ ಮನಿಷಾನ್ನ ಎಬ್ಬಸಬಾರದು."

ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದವನೊಬ್ಬ ನಿಂತು, ಏನಾಯಿತೆಂದು ಮರಾಠಿಯಲ್ಲಿ ಕೇಳಿದ, "ಕಾಯ್ ಝಾಲಂ ಕಾಕಾ?" ನೇಮಣ್ಣ ಬಾಯಿತುಂಬ ಹೋಳಿಗೆ ಇಟ್ಟುಕೊಂಡು, ಊಟ ಮಾಡುತ್ತಿದ್ದೇನೆಂದು ಮೇಲಿನಿಂದಲೇ ಹೇಳಿದ, "ಜೇವತೋಯ್." ಅದೇನು ದೊಡ್ಡ ಮಾತಲ್ಲವೆನ್ನುವಂತೆ. ಆ ಮನುಷ್ಯ ಹೋಗಲಿಲ್ಲ. ಅಂಥದ್ದನ್ನು ಬಿಟ್ಟು ಯಾರು ಹೋಗುತ್ತಾರೆ?

ನಾಲ್ಕು ಹೋಳಿಗೆ ಇಳಿದ ಮೇಲೆ ನೇಮಣ್ಣನ ಕೈ ನಡುಕ ನಿಂತಿತು. ಮನೆಯಿಂದ ತಂದ ನೀರು ಕುಡಿದು, ಬಾಯಿ ಮುಕ್ಕಳಿಸಿ, "ಈಗ ಮುಳಗಿತು ನೋಡ್ರಿ," ಎಂದು ನಮಗೆ ಸುದ್ದಿ ಕೊಟ್ಟು, ಇಳಿದ. ಭರತ ಗಾಡಿ ಎತ್ತಿ, ಟೈರು ಬದಲಿಸಿ, ಜಾಕು ಇಳಿಸಿದ. ಸ್ಟೆಪ್ನಿ ಮೆಲ್ಲಗೆ ಚಪ್ಪಟೆಯಾಗಿ ಮಲಗಿತು. ಅಷ್ಟು ದಿನ ಮನೆಯಲ್ಲಿದ್ದ ಟೈರಿಗೆ ಗಾಳಿ ತುಂಬಿಸಬೇಕೆಂದು ಅವನಿಗೆ ಹೊಳೆದಿರಲಿಲ್ಲ. ದೊಡ್ಡವ್ವ ಕುಂತು ಕುಂತು ಗಾಳಿ ಹೋಗಿದೆ ಎಂದು ಈಗಲೂ ನನ್ನ ಮೇಲೆ ಹಾಕುತ್ತಾನೆ. ಭರತ ಆ ಟೈರನ್ನು ಬಿಚ್ಚಿಕೊಂಡು ಆ ಮೋಟಾರ್ ಸೈಕಲ್ಲಿನವನ ಹಿಂದೆ ಕುಳಿತು ಮಿರಜಿಗೆ ಹೋದ. ನೇಮಣ್ಣ ರಸ್ತೆಯ ಅಂಚಿಗೆ ಟವೆಲ್ ಹಾಸಿ ಕುಳಿತು ತೃಪ್ತಿಯಿಂದ ತೇಗಿದ. ಗಾಡಿಯ ತಲೆಯ ಮೇಲೆ ಅವನು ಕುಳಿತ ತಗ್ಗು ಹಾಗೆಯೇ ಉಳಿಯಿತು.

ಮರುದಿನ ಭರತನೇ ಒಲೆ ಬೋಗುಣಿಗಳನ್ನು ಡಿಕ್ಕಿಗೆ ಇಟ್ಟ. ಸ್ಟೆಪ್ನಿಗೆ ಗಾಳಿ ತುಂಬಿಸಿ ಹಿಂದಿನ ಸೀಟಿನ ಮೇಲೆ ಕೂರಿಸಿ ಬೆಲ್ಟ್ ಕಟ್ಟಿದ. ಅಲ್ಲಿಂದ ಮುಂದೆ ಮದುವೆ ಮುಂಜಿಗಳಿಗೆಲ್ಲ ನಾನು ಅದರ ಮಗ್ಗುಲಲ್ಲಿ ಕುಳಿತು ಹೋದೆ. ಬೀಗರು ಇದ್ಯಾರು ಎಂದು ಕೇಳಲಿಲ್ಲ, ಅಷ್ಟು ಪುಣ್ಯ.

ಹೋದ ವರ್ಷ ನೇಮಣ್ಣ ಮಿರಜಿನ ಆಸ್ಪತ್ರೆ ಸೇರಿದ. ಮೂತ್ರಪಿಂಡ ಕೈಕೊಟ್ಟಿದ್ದವು. ತಿರುಗಿ ಬರಲಿಲ್ಲ. ನಾನು ಕೊನೆಯ ಸಲ ನೋಡಲು ಹೋದ ಸಂಜೆ ಭರತ ಬಾಗಿಲಲ್ಲೇ ಸಿಕ್ಕ.

"ದೊಡ್ಡವ್ವಾ, ಮಧ್ಯಾಹ್ನದಿಂದ ಏನೂ ಬಾಯಿಗೆ ಹಾಕಿಲ್ಲ. ಸಕ್ಕರಿ ಇಳದೈತಿ ಅಂತಾರ. ನನ್ನ ಮಾತು ಕೇಳವಲ್ರು. ನೀವರೆ ಹೇಳ್ರಿ."

ಒಳಗೆ ಹೋದೆ. ಅವನ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡ, ಆಕಾಶ ಕಾಣುತ್ತಿರಲಿಲ್ಲ. ತಲೆಯ ಮೇಲೆ ಟ್ಯೂಬ್‌ಲೈಟು. ಬಟ್ಟಲಲ್ಲಿ ಗಂಜಿ ಆರಿ ಕೆನೆಗಟ್ಟಿತ್ತು. ಚಮಚ ತೆಗೆದುಕೊಂಡೆ.

"ಹೊತ್ತು ಐತೇನ್ರಿ ವೈನಿ?"

ನಾನು ಬರುವಾಗ ಕೆಳಗೆ ರಸ್ತೆಯ ದೀಪ ಹತ್ತಿದ್ದವು, ವಡಾಪಾವಿನ ಗಾಡಿಗಳಿಗೂ ಬಲ್ಬು ಹಾಕಿದ್ದರು.

"ಐತಿ," ಎಂದೆ. "ಇನ್ನೂ ಮಾರುದ್ದ ಐತಿ."

"ನೋಡಿರೇನು?"

"ನೋಡೇ ಬಂದೇನಿ."

ಅವನು ಕಿಟಕಿಯ ಗೋಡೆ ನೋಡಿದ, ಟ್ಯೂಬ್‌ಲೈಟು ನೋಡಿದ, ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ಆತು," ಎಂದು ಬಾಯಿ ತೆರೆದ.