ಎಡಕ್ಕೆ ಹೇಳಿಕೊಟ್ಟ ಕೋಲಾಟ

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಇನ್ನೂ ಅರ್ಧಕ್ಕರ್ಧ ಸೈಟುಗಳು ಖಾಲಿ ಇದ್ದವು. ನನ್ನ ಭರತನಾಟ್ಯದ ಮೇಡಂ ತಮ್ಮ ಮನೆಯ ತಾರಸಿಗೆ ಶೀಟು ಹಾಕಿಸಿ, ಮಕ್ಕಳಿಗೆ ಬೇರೆ ಬೇರೆ ನೃತ್ಯಗಳ ಪರಿಚಯ ಮಾಡಿಸುವ ಶಿಬಿರ ನಡೆಸಿದರು. ಮೊದಲ ವಾರ ಭರತನಾಟ್ಯ, ಆಮೇಲೆ ಕಂಸಾಳೆ, ಸಿನಿಮಾ ಹಾಡಿನ ಕುಣಿತ, ಕೊನೆಗೆ ಕೋಲಾಟ. ನನಗೆ ಹನ್ನೊಂದು ವರ್ಷ. ಐದು ವರ್ಷದಿಂದ ಅವರಲ್ಲೇ ಕಲಿಯುತ್ತಿದ್ದವಳಿಗೆ ಮುಂದಿನ ಸಾಲು ನನ್ನದೇ ಎಂಬ ಧಿಮಾಕಿತ್ತು.

ಶಿಬಿರಕ್ಕೆ ಬಂದವರಲ್ಲಿ ನನ್ನದೇ ವಯಸ್ಸಿನ ಒಬ್ಬಳಿದ್ದಳು. ಅವಳ ತಾಯಿ ಚಾಮುಂಡಿ ಬೆಟ್ಟದಲ್ಲಿ ಹೂವು ಮಾರುತ್ತಿದ್ದರು. ಮೊದಲ ವಾರ ಅವಳಿಗೆ ಅರೆಮಂಡಿ ಕೂರಲು ಬರಲಿಲ್ಲ. ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಆದರೆ ಎರಡನೆಯ ವಾರ ಕೈಗೆ ಕಂಸಾಳೆಯ ಹಿತ್ತಾಳೆ ಬಟ್ಟಲು ಸಿಕ್ಕಿದ್ದೇ ತಡ, ಅವಳು ಬೇರೆಯೇ ಹುಡುಗಿಯಾದಳು. ನಾವು ತಾಳ ಎಣಿಸುತ್ತಿರುವಾಗ ಅವಳು ಕುಣಿದು ಮುಗಿಸಿರುತ್ತಿದ್ದಳು. ಮೇಡಂ ಅವಳನ್ನು ಮುಂದಕ್ಕೆ ಕರೆದು, ನನ್ನ ಭುಜ ಹಿಡಿದು ಎರಡನೆಯ ಸಾಲಿಗೆ ಸರಿಸಿದರು. ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಭಾನುವಾರ ತಂದೆತಾಯಿಯರ ಎದುರು ಕೋಲಾಟದ ಪ್ರದರ್ಶನವಿತ್ತು. ಶುಕ್ರವಾರ ಬೆಟ್ಟದಲ್ಲಿ ಜನ ಹೆಚ್ಚೆಂದು ಅವಳು ತಾಯಿಯ ಜೊತೆ ಹೋಗಿದ್ದಳು. ಅಂದೇ ಮೇಡಂ ಕೊನೆಯ ಸುತ್ತು ಕಲಿಸಿದ್ದು: ನಾಲ್ಕನೆಯ ಏಟಿಗೆ ಎಲ್ಲರೂ ಬಲಕ್ಕೆ ತಿರುಗಿ ಕೋಲು ಮೇಲೆತ್ತಿ ಬೀಸಬೇಕು. ಶನಿವಾರ ಅವರು ಕುರ್ಚಿ ಜೋಡಿಸುವ ಗಡಿಬಿಡಿಯಲ್ಲಿದ್ದರು. ಅವಳಿಗೆ ನೀನೇ ಹೇಳಿಕೊಡು ಎಂದರು. ನಾನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋಗಿ ಎಡಕ್ಕೆ ತಿರುಗುವುದನ್ನು ಕಲಿಸಿದೆ. ಅವಳು ತಪ್ಪಿಲ್ಲದೆ ಬರುವವರೆಗೂ, ಹತ್ತಾರು ಸಲ.

ಭಾನುವಾರ ಅವಳು ಎಡಕ್ಕೆ ತಿರುಗಿದಾಗ ಎದುರಿಗೆ ಇದ್ದವಳು ನಾನೇ. ಅವಳು ಅಲ್ಲಿಗೆ ಬರುತ್ತಾಳೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಕೈ ತಡೆಯಬಹುದಿತ್ತು. ತಡೆಯಲಿಲ್ಲ. ಕೋಲು ಅವಳ ಬಾಯಿಗೆ ಬಿತ್ತು, ಮುಂದಿನ ಹಲ್ಲು ಮುರಿದು ಲಂಗದ ಮೇಲೆಲ್ಲ ರಕ್ತ.

ಮೇಡಂ ಕ್ಯಾಸೆಟ್ ನಿಲ್ಲಿಸಿ, ಎಡಬಲ ಗೊತ್ತಿಲ್ಲವೇ ಎಂದು ಎಲ್ಲರೆದುರು ಬೈದದ್ದು ಅವಳನ್ನೇ.

"ಅವ್ಳು ಹೇಳ್ಕೊಟ್ಟಂಗೇ ತಿರುಗ್ದೆ ಮೇಡಂ," ಎಂದಳು, ಕೈಯಿಂದ ಬಾಯಿ ಮುಚ್ಚಿಕೊಂಡೇ.

"ನಾನು ಬಲಕ್ಕೆ ಅಂತಾನೇ ಹೇಳ್ಕೊಟ್ಟಿದ್ದು," ಎಂದೆ.

ಕೊನೆಯ ಸಾಲಿನಿಂದ ಅವಳ ತಾಯಿ ಎದ್ದು ಬಂದರು. ಮಗಳ ಬಾಯಿ ನೋಡುವ ಮೊದಲು ಬೆನ್ನಿಗೊಂದು ಗುದ್ದಿದರು. "ಇವ್ಳಿಂದ ಎಲ್ಲಾ ಕೆಟ್ಟೋಯ್ತು, ತಪ್ಪಾಯ್ತು ಕಣ್ರವ್ವ," ಎಂದು ಮೇಡಂಗೆ ಕೈಮುಗಿದು, ಆಮೇಲೆ ನನಗೂ ಮುಗಿದರು. ಸೆರಗಿನಿಂದ ಮಗಳ ಬಾಯಿ ಒತ್ತಿ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದರು. ಯಾರೋ ನೆಲ ಒರೆಸಿದರು. ಮೇಡಂ ನನ್ನನ್ನು ಮುಂದೆ ನಿಲ್ಲಿಸಿ ಕೋಲಾಟವನ್ನು ಮೊದಲಿನಿಂದ ಆಡಿಸಿದರು. ಜೋರು ಚಪ್ಪಾಳೆ ಬಿತ್ತು. ನನಗೆ ಸಂತೋಷವಾಯಿತು, ಆಗಲಿಲ್ಲವೆಂದು ಈಗ ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ.

ಮರುದಿನ ಬೆಳಿಗ್ಗೆ ಅಮ್ಮ ಜಡೆ ಹಾಕುತ್ತಿದ್ದಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರ ಕೈ ಒಂದು ಗಳಿಗೆ ನಿಂತಿತು.

"ಇದನ್ನ ಇನ್ಯಾರ್ ಹತ್ರಾನೂ ಹೇಳೋಕ್ ಹೋಗ್ಬೇಡ," ಎಂದು ಮತ್ತೆ ಹೆಣೆಯತೊಡಗಿದರು, ಮೊದಲಿಗಿಂತ ಬಿಗಿಯಾಗಿ.

ನಾನು ಹೇಳಲಿಲ್ಲ.