ಜೋಡಿಯವನ ಹಾಜರಿ

ಭಾನುವಾರ ಬಂತೆಂದರೆ ಹದಿಹರೆಯದ ಹುಡುಗರನ್ನು ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದ ಕಾಲವದು. ಬೇಸಿಗೆಯ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಕನಕಗಿರಿಯ ಹೊರಗಿನ ಮೆಟ್ಟಿಲು ಬಾವಿ. ಹಾಜರಿದ್ದವರು ನಮ್ಮ ಸಂಘದ ಹದಿನಾರು ಹುಡುಗರಲ್ಲಿ ಹದಿನೈದು ಮಂದಿ ಮತ್ತು ಸಂಘ ನಡೆಸುತ್ತಿದ್ದ ದರ್ಜಿ ಗೌಸ್ ಸಾಹೇಬರು. ನಮಗೆ ಅವರು ಉಸ್ತಾದ್. ವಾರವೆಲ್ಲ ಹೊಲಿಗೆ ಯಂತ್ರ ತುಳಿದು, ಇದ್ದ ಒಂದು ರಜೆಯನ್ನು ನಮಗೆ ಕೊಡುತ್ತಿದ್ದರು.

ಸಂಘದಲ್ಲಿ ಇಬ್ಬಿಬ್ಬರ ಜೋಡಿ. ದೊಡ್ಡವನು ಚಿಕ್ಕವನ ಹಾಜರಿ ಹೇಳಬೇಕು. ಅವನು ಬರದಿದ್ದರೆ ಹೋಗಿ ಕರೆತರಬೇಕು. ಅಲ್ಲಿಯವರೆಗೆ ಕೆಲಸ ಶುರುವಿಲ್ಲ. ನನ್ನ ಜೋಡಿಯ ಚಿಕ್ಕವ ಹನುಮೇಶ ಅಂದು ಬಂದಿರಲಿಲ್ಲ. ನನಗೋ ಆರು ಎಂದರೆ ಆರೇ. ಬೆನ್ನು ತಿರುಗಿಸಿ ಹಗ್ಗ ಬಿಗಿಯುತ್ತಿದ್ದ ಉಸ್ತಾದರಿಗೆ, “ಹನುಮೇಶ ಅದಾನ್ರಿ!” ಎಂದು ಕೂಗಿಬಿಟ್ಟೆ.

ಮೂರು ತಾಸು ಹೂಳು ಎತ್ತಿದೆವು. ಕೊಳೆತ ಪಾಚಿಯ ವಾಸನೆಯ ನಡುವೆಯೇ ಮಿರ್ಚಿಯ ವಾಸನೆ ಮೂಗಿಗೆ ಬಡಿಯಿತು. ತಿಂಡಿಗೆ ತಂದಿದ್ದ ಮಂಡಕ್ಕಿ ಸೂಸಲ, ಮಿರ್ಚಿಯ ಗಂಟು ಬಿಚ್ಚುವ ಮೊದಲು ಉಸ್ತಾದರು ತಲೆ ಎಣಿಸಿದರು. ಹದಿನೈದು. ಒಬ್ಬ ಕಡಿಮೆ. ಮತ್ತೆ ಎಣಿಸಿದರು.

“ಹನುಮೇಶ ಎಲ್ಲಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಾವಿಗೆ ಜಿಗಿದಿದ್ದರು. ಕೆಸರು ನೀರು, ನಡುವೆ ಆಳದ ಗುಂಡಿ. ಒಮ್ಮೆ ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿದರು. ಎರಡನೆಯ ಸಲ ಎದ್ದಾಗ ತುಟಿ ಕಪ್ಪಾಗಿತ್ತು. ಮೂರನೆಯ ಸಲಕ್ಕೆ ಮೈ ಬಾಗಿಸಿದರು.

“ಉಸ್ತಾದ್! ಅವ ಬಂದೇ ಇಲ್ರಿ. ನಾ ಸುಳ್ಳ ಹೇಳೇನಿ!”

ಅವರು ಹೊಡೆಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತರು.

“ಯಾಕ್ಲೇ?”

“ಆರಕ್ಕ ಚಾಲೂ ಮಾಡಬೇಕಿತ್ತಲ್ರಿ.”

“ಗಡಿಯಾರಕ್ಕ ತಾಯಿ ಇರಂಗಿಲ್ಲ. ಹನುಮೇಶಗ ಅದಾಳ. ಅಕಿಗೆ ನಾ ಏನ್ ಹೇಳಬೇಕಿತ್ತು? ಹೋಗು, ಕರಕೊಂಡ ಬಾ. ಮೊದಲ ನೀ ಮಾಡಿದ್ದು ಅವಗ ಹೇಳು.”

ಹನುಮೇಶ ಮನೆಯಲ್ಲಿ ಇನ್ನೂ ಚಾದರ ಹೊದ್ದಿದ್ದ. ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. “ಅಂದ್ರ ನಾ ಸತ್ತ ಬದುಕೀನಿ ಅನ್ನು! ನನ್ನ ಪಾಲಿನ ಮಿರ್ಚಿ ಅದಾವೋ, ನೀನ ತಿಂದಿಯೋ?”

ನನಗೆ ನಗು ಬರಲಿಲ್ಲ.

ನಮ್ಮ ಓಣಿಯ ಈಗಿನ ಹುಡುಗರಿಗೆ ಟ್ಯೂಷನ್ ಇದೆ, ಫೋನ್ ಇದೆ. ಅಪ್ಪನೂ ಅಲ್ಲದ, ಮಾಸ್ತರರೂ ಅಲ್ಲದ, ತಪ್ಪು ಒಪ್ಪಿಕೊಳ್ಳಲು ಸಿಗುವ ಒಬ್ಬ ದೊಡ್ಡವನಿಲ್ಲ. ಉಸ್ತಾದರು ತೀರಿದ ಮೇಲೆ ಭಾನುವಾರ ಕೊಡಲು ಯಾರೂ ಮುಂದೆ ಬರಲಿಲ್ಲ, ನಾನೂ ಬರಲಿಲ್ಲ.

ಅಂದು ಸಂಜೆ ಐದಕ್ಕೆ ಕೊನೆಯ ಪುಟ್ಟಿ ಹೂಳನ್ನು ಹನುಮೇಶ ಕೆಳಗಿನಿಂದ ಎತ್ತಿಕೊಟ್ಟ. ನಾನು ಮೇಲೆ ಒಯ್ದು ಸುರಿದೆ.